ರೂಟಿನ ದಾರಿ ಮತ್ತು ಸ್ಟಾಪಿನ ಹತ್ತಿರದ ಜಾಗಗಳು: ಡೇಟಾದಲ್ಲಿ ಹೇಗೆ ಇಟ್ಟುಕೊಳ್ಳುತ್ತೀರಿ?

ದಾರಿಹೋಕ

ಎಲ್ಲರಿಗೂ ನಮಸ್ಕಾರ. ಬಸ್ ವೇಳಾಪಟ್ಟಿ ನೋಡಿಕೊಳ್ಳಲು ನಮ್ಮ ಸಣ್ಣ ತಂಡ ಒಂದು ಸಾಫ್ಟ್‌ವೇರ್ ಕಟ್ಟುತ್ತಿದೆ. ಸ್ಟಾಪ್, ರೂಟ್, ಟ್ರಿಪ್ (ಬಸ್ಸಿನ ಒಂದು ಸಲದ ಓಟ) ಒಂದೊಂದಕ್ಕೂ ಟೇಬಲ್ ಇದೆ, ಕೊನೆಗೆ ಜಿಟಿಎಫ್‌ಎಸ್ ಫೀಡ್ (ಪ್ರಯಾಣದ ಆ್ಯಪುಗಳು ಓದುವ ವೇಳಾಪಟ್ಟಿಯ ಫೈಲುಗಳ ಕಟ್ಟು) ಹೊರಬರಬೇಕು. ಸಮಯದ ಭಾಗ ಚೆನ್ನಾಗಿಯೇ ನಡೆಯುತ್ತಿದೆ. ಸಿಕ್ಕಿಕೊಂಡಿರುವುದು ಎರಡು ಕಡೆ.

ಮೊದಲನೆಯದು ದಾರಿ. ಬಸ್ ಯಾವ ರಸ್ತೆಯಲ್ಲಿ ಹೋಗುತ್ತದೆ ಎಂಬ ಗೆರೆಯನ್ನು ಪ್ರತಿ ಟ್ರಿಪ್ಪಿಗೂ ನಕ್ಷೆಯ ಮೇಲೆ ಕೈಯಲ್ಲೇ ಎಳೆದು ಶೇಪ್ ಎಂದು ಉಳಿಸುತ್ತಿದ್ದೇವೆ. ಬೇರೆ ಟ್ರಿಪ್ಪಿನದನ್ನು ಕಾಪಿ ಮಾಡಿಕೊಳ್ಳುವ ಬಟನ್ ಇದೆ, ಅಷ್ಟೇ. ಒಂದು ರಸ್ತೆ ಒನ್ ವೇ ಆಯಿತೆಂದರೆ ಅದರ ಮೇಲೆ ಹೋಗುವ ಅಷ್ಟೂ ಗೆರೆಗಳನ್ನು ಮತ್ತೆ ತಿದ್ದಬೇಕು. ಯಾವುದಾದರೂ ಒಂದು ಕಣ್ತಪ್ಪಿದರೆ ಆ್ಯಪಿನಲ್ಲಿ ಬಸ್ಸು ಎದುರು ದಿಕ್ಕಿನಲ್ಲಿ ನುಗ್ಗುತ್ತಿರುತ್ತದೆ.

ಎರಡನೆಯದು ಹತ್ತಿರದ ಜಾಗಗಳು. ಪ್ರತಿ ಸ್ಟಾಪಿನ ಕೆಳಗೆ ಹತ್ತಿರದ ಆಸ್ಪತ್ರೆ, ಶಾಲೆ, ಕಚೇರಿ ತೋರಿಸಬೇಕಂತೆ. ಸದ್ಯ 500 ಮೀಟರ್ ಸುತ್ತು ಹಾಕಿ ಒಳಗೆ ಬಿದ್ದದ್ದನ್ನೆಲ್ಲ ಕೊಡುತ್ತಿದ್ದೇವೆ. ರೈಲು ಹಳಿಯ ಆಚೆ ಬದಿಯ ಆಸ್ಪತ್ರೆಯೂ "ಹತ್ತಿರ" ಎಂದೇ ಬರುತ್ತಿದೆ, ಅಲ್ಲಿಗೆ ದಾಟಲು ದಾರಿಯೇ ಇಲ್ಲ. ಈ ಸಂಬಂಧವನ್ನು ಟೇಬಲ್‌ನಲ್ಲಿ ಉಳಿಸಬೇಕೋ, ಕೇಳಿದಾಗ ಲೆಕ್ಕ ಹಾಕಿ ಕೊಡಬೇಕೋ? ಫೀಡಿನಲ್ಲಿ ಇದಕ್ಕೆ ಜಾಗ ಇದೆಯೇ?

ಹಳೇಪಟ್ಟಿ

ಟ್ರಿಪ್ಪಿಗೊಂದು ಗೆರೆ ಎಳೆಯುವುದನ್ನು ಇವತ್ತೇ ನಿಲ್ಲಿಸಿ. ಒಂದು ರೂಟಿಗೆ ದಿನಕ್ಕೆ ಎಷ್ಟೇ ಟ್ರಿಪ್ ಇರಲಿ, ದಾರಿಗಳು ಬೆರಳೆಣಿಕೆಯಷ್ಟೇ: ಹೋಗುವಾಗಿನದು, ಬರುವಾಗಿನದು, ಶಾಲೆ ಸಮಯದಲ್ಲಿ ಒಳಗೆ ಹೊಕ್ಕು ಬರುವುದು, ರಾತ್ರಿ ಅರ್ಧಕ್ಕೇ ನಿಲ್ಲುವುದು. ಅದೇ ಸ್ಟಾಪುಗಳು, ಅದೇ ಕ್ರಮ, ಅದೇ ರಸ್ತೆ. ಈ ಮೂರೂ ಒಂದಾದರೆ ಅದು ಒಂದು ಪ್ಯಾಟರ್ನ್. ಗೆರೆ ಪ್ಯಾಟರ್ನಿಗೆ ಸೇರಲಿ, ಟ್ರಿಪ್ ಆ ಪ್ಯಾಟರ್ನನ್ನು ತೋರಿಸಲಿ.

ಜಿಟಿಎಫ್‌ಎಸ್‌ನಲ್ಲಿ ಪ್ಯಾಟರ್ನ್ ಎಂಬ ಫೈಲೇ ಇಲ್ಲ. ಟ್ರಿಪ್ಸ್ ಫೈಲಿನಲ್ಲಿ ಶೇಪ್ ಐಡಿ ಕಾಲಂ ಇದೆ, ಅಷ್ಟೇ. ಎಲ್ಲರೂ ಟ್ರಿಪ್ಪಿನ ಲೆಕ್ಕದಲ್ಲಿ ಯೋಚಿಸುವುದು ಅದಕ್ಕೇ. ಯುರೋಪಿನ ಸಾರಿಗೆ ಡೇಟಾ ಮಾದರಿ ಟ್ರಾನ್ಸ್‌ಮಾಡೆಲ್, ಅದರ ಮೇಲೆ ನಿಂತಿರುವ ಡೇಟಾ ವಿನಿಮಯದ ರೂಪ ನೆಟೆಕ್ಸ್ ನೋಡಿದರೆ ಜರ್ನಿ ಪ್ಯಾಟರ್ನ್ ಬೇರೆ, ಅದು ಸಾಗುವ ರೂಟ್ ಬೇರೆ, ಎರಡು ಸ್ಟಾಪುಗಳ ನಡುವಿನ ಸರ್ವಿಸ್ ಲಿಂಕ್ ಬೇರೆ. ಓದಲು ಬೇಸರ ಬರುತ್ತದೆ, ಆದರೆ ಒಳಗಿನ ಟೇಬಲ್ ಕಟ್ಟುವಾಗ ಆ ವಿಂಗಡಣೆ ಬಹಳ ಉಪಯೋಗ. ಹೊರಗೆ ಹೋಗುವ ಫೀಡಿನ ಆಕಾರವನ್ನೇ ಒಳಗಿನ ಡೇಟಾಬೇಸಿನ ಆಕಾರ ಮಾಡಿಕೊಳ್ಳಬೇಡಿ.

ಕೊಂಡಿ

ಪ್ಯಾಟರ್ನ್ ಸರಿ, ಆದರೆ ದಾರಿಹೋಕರ ಒನ್ ವೇ ಕಷ್ಟ ಅದರಿಂದ ತೀರುವುದಿಲ್ಲ. ಆ ರಸ್ತೆಯ ಮೇಲೆ ಮೂವತ್ತು ಪ್ಯಾಟರ್ನ್ ಹೋದರೆ ಮೂವತ್ತನ್ನೂ ತಿದ್ದಬೇಕಲ್ಲ?

ನಾವು ಗೆರೆಯನ್ನು ಸ್ಟಾಪಿನಿಂದ ಸ್ಟಾಪಿಗೆ ತುಂಡು ತುಂಡಾಗಿ ಇಟ್ಟುಕೊಳ್ಳುತ್ತೇವೆ. ಒಂದು ತುಂಡು ಒಂದು ಲಿಂಕ್. ಪ್ಯಾಟರ್ನ್ ಎಂದರೆ ಲಿಂಕುಗಳ ಸಾಲು. ಎಕ್ಸ್‌ಪೋರ್ಟ್ ಮಾಡುವಾಗ ಸಾಲಾಗಿ ಜೋಡಿಸಿದರೆ ಶೇಪ್ ತಯಾರು. ರಸ್ತೆ ಬದಲಾದರೆ ಒಂದೇ ಲಿಂಕ್ ತಿದ್ದಿದರೆ ಸಾಕು, ಅದನ್ನು ಬಳಸುವ ಎಲ್ಲ ರೂಟುಗಳೂ ತಾವಾಗಿಯೇ ಸರಿಯಾಗುತ್ತವೆ.

ಮೂರನೇಗೇರ್

ಕೊಂಡಿಯವರೇ, ಕೇಳಲು ಚೆನ್ನ. ಅದೇ ಎರಡು ಸ್ಟಾಪುಗಳ ನಡುವೆ ಎಕ್ಸ್‌ಪ್ರೆಸ್ ಬಸ್ಸು ಫ್ಲೈಓವರ್ ಮೇಲೆ ಹೋಗಿ, ಸಾಮಾನ್ಯ ಬಸ್ಸು ಕೆಳಗಿನ ಸರ್ವಿಸ್ ರೋಡಿನಲ್ಲಿ ಹೋದರೆ? "ಇಲ್ಲಿಂದ ಇಲ್ಲಿಗೆ" ಎಂಬುದನ್ನೇ ಲಿಂಕಿನ ಗುರುತು ಮಾಡಿಕೊಂಡರೆ ಎರಡರಲ್ಲಿ ಒಂದು ಬಸ್ಸು ತಪ್ಪು ರಸ್ತೆಗೆ ಬೀಳುತ್ತದೆ.

ಇನ್ನೊಂದು. ನಾಳೆ ನಡುವೆ ಹೊಸ ಸ್ಟಾಪ್ ಬಂತು. ಲಿಂಕನ್ನು ಎರಡು ಮಾಡುತ್ತೀರಿ. ಅಲ್ಲಿ ನಿಲ್ಲದ ಬಸ್ಸಿಗೆ ಹಳೆಯ ಲಿಂಕ್ ಬೇಕು. ತಿಂಗಳ ಕೊನೆಯವರೆಗೆ ಜಾರಿಯಲ್ಲಿರುವ ಹಳೆಯ ವೇಳಾಪಟ್ಟಿಗೂ ಹಳೆಯದೇ ಬೇಕು. ಒಂದೇ ಡಾಂಬರಿಗೆ ಮೂರು ಗೆರೆ ಆಯಿತು, ಮತ್ತೆ ಮೂರು ಕಡೆ ತಿದ್ದುವ ಕೆಲಸ.

ಕೊಂಡಿ

ಫ್ಲೈಓವರ್ ಸಂಗತಿಗೆ ಉತ್ತರ ಇದೆ: ಲಿಂಕಿಗೆ ಸ್ವಂತ ಐಡಿ ಕೊಡಿ, ಎರಡು ಸ್ಟಾಪುಗಳ ಜೋಡಿಯನ್ನು ಕೀ ಮಾಡಬೇಡಿ. ಒಂದು ಜೋಡಿಗೆ ಎಷ್ಟು ಲಿಂಕಾದರೂ ಇರಬಹುದು, ಅದರಲ್ಲಿ ಒಂದು ಮಾಮೂಲಿಯದು. ಹೊಸ ಪ್ಯಾಟರ್ನ್ ಮಾಡುವಾಗ ಮಾಮೂಲಿ ಲಿಂಕ್ ತಾನಾಗಿ ಬರುತ್ತದೆ, ಬೇಕಾದವರು ಬದಲಿಸಿಕೊಳ್ಳುತ್ತಾರೆ. ಜಾರಿಯ ದಿನಾಂಕ ಪ್ಯಾಟರ್ನಿನಲ್ಲಿರಲಿ, ಲಿಂಕಿನಲ್ಲಿ ಬೇಡ.

ಎರಡನೆಯದು ಒಪ್ಪಬೇಕಾದ ಮಾತೇ. ನಿಲ್ಲದೆ ಹೋಗುವ ಬಸ್ಸುಗಳು ಹೆಚ್ಚಿರುವ ಜಾಲದಲ್ಲಿ ಲಿಂಕುಗಳು ಬೆಳೆಯುತ್ತವೆ. ಅಂಥ ಕಡೆ ಆ ಸ್ಟಾಪನ್ನು ಪ್ಯಾಟರ್ನಿನಲ್ಲಿ "ದಾಟುತ್ತದೆ, ನಿಲ್ಲುವುದಿಲ್ಲ" ಎಂದು ಇಟ್ಟುಕೊಂಡು ಎಕ್ಸ್‌ಪೋರ್ಟ್ ಮಾಡುವಾಗ ಬಿಟ್ಟುಬಿಡುತ್ತೇವೆ. ದಾರಿ ಹಂಚಿಕೆಯಾಗಿಯೇ ಉಳಿಯುತ್ತದೆ.

ರೇಖಾಗಣಿತ

ಲಿಂಕ್ ಮಾಡುವವರಿಗೆ ಒಂದು ಎಚ್ಚರಿಕೆ. ತುಂಡನ್ನು ಸ್ಟಾಪಿನ ಬಿಂದುವಿಗೇ ತಂದು ಮುಗಿಸಬೇಡಿ. ಸ್ಟಾಪ್ ಇರುವುದು ಫುಟ್‌ಪಾತಿನ ಮೇಲೆ, ಬಸ್ಸು ಓಡುವುದು ರಸ್ತೆಯಲ್ಲಿ. ಸ್ಟಾಪಿಗೇ ಗೆರೆ ಮುಟ್ಟಿಸಿದರೆ ಪ್ರತಿ ಸ್ಟಾಪಿನಲ್ಲೂ ಗೆರೆ ಬದಿಗೆ ಚುಚ್ಚಿ ವಾಪಸ್ ಬರುತ್ತದೆ, ಇಡೀ ಶೇಪ್ ಗರಗಸದ ಹಲ್ಲಿನ ಹಾಗೆ ಕಾಣುತ್ತದೆ. ಜಿಟಿಎಫ್‌ಎಸ್‌ನ ಒಳ್ಳೆಯ ರೂಢಿಗಳ ಪಟ್ಟಿಯೂ ಇದನ್ನೇ ಹೇಳುತ್ತದೆ: ಗೆರೆ ರಸ್ತೆಯ ಅಥವಾ ಬಸ್ಸು ಹೋಗುವ ಬದಿಯ ನಡುವೆ ಇರಲಿ, ಸ್ಟಾಪಿನ ಕಡೆಗೆ ಚುಚ್ಚುವುದು ಬೇಡ. ಸ್ಟಾಪಿನಿಂದ ರಸ್ತೆಯ ಮೇಲೆ ಬೀಳುವ ಲಂಬದ ಪಾದದಲ್ಲಿ ತುಂಡರಿಸಿ.

ದಾರಿಹೋಕ

ಲಿಂಕ್ ವಿಧಾನ ನಮಗೆ ಹೊಂದುತ್ತದೆ ಅನಿಸುತ್ತಿದೆ. ಒಂದು ಅನುಮಾನ ಉಳಿದಿದೆ. ನಮ್ಮ ಕೆಲವು ಬಸ್ಸುಗಳು ಮುಖ್ಯರಸ್ತೆಯಿಂದ ಒಂದು ಅಡ್ಡರಸ್ತೆಗೆ ತಿರುಗಿ, ಅದರ ಕೊನೆಯ ಬಸ್ ಸ್ಟ್ಯಾಂಡಿಗೆ ಹೋಗಿ, ಅದೇ ಅಡ್ಡರಸ್ತೆಯಲ್ಲಿ ವಾಪಸ್ ಬಂದು ಮುಂದೆ ಹೋಗುತ್ತವೆ. ಅಲ್ಲಿ ಆ್ಯಪಿನ ನಕ್ಷೆಯಲ್ಲಿ ಬಸ್ಸು ನೆಗೆಯುತ್ತದೆ. ಬಸ್ ಸ್ಟ್ಯಾಂಡಿಗೆ ಹೋಗದೆಯೇ ಮುಂದಿನ ಸ್ಟಾಪಿಗೆ ಹೋದಂತೆ ಕಾಣಿಸುತ್ತದೆ. ಗೆರೆ ಸರಿಯಾಗಿಯೇ ಇದೆ, ಪರಿಶೀಲಿಸಿದ್ದೇವೆ.

ರೇಖಾಗಣಿತ

ಗೆರೆ ಸರಿ ಇದ್ದರೂ ಯಾವ ಸ್ಟಾಪ್ ಗೆರೆಯ ಎಷ್ಟನೇ ಮೀಟರಿನಲ್ಲಿದೆ ಎಂಬುದು ಫೀಡಿನಲ್ಲಿಲ್ಲ. ಅದಿಲ್ಲದಿದ್ದರೆ ಓದುವ ಆ್ಯಪ್ ಊಹಿಸುತ್ತದೆ. ನಿಮ್ಮ ರೂಟನ್ನೇ ತೆಗೆದುಕೊಳ್ಳಿ, ಅಂಕಿಗಳು ಉದಾಹರಣೆಗೆ. ಅಡ್ಡರಸ್ತೆಯ ಬಾಯಿ ಗೆರೆಯ 1,200ನೇ ಮೀಟರಿನಲ್ಲಿ. ಬಸ್ ಸ್ಟ್ಯಾಂಡ್ 1,850ರಲ್ಲಿ. ವಾಪಸ್ ಬಾಯಿಗೆ ಬರುವಾಗ 2,500. ಬರುವಾಗಿನ ಒಂದು ಸ್ಟಾಪ್ 2,400ರಲ್ಲಿದೆ ಎನ್ನಿ. ನೆಲದ ಮೇಲೆ ನೋಡಿದರೆ 1,300ನೇ ಮೀಟರೂ 2,400ನೇ ಮೀಟರೂ ಒಂದೇ ಜಾಗ. ಹತ್ತಿರದ ಬಿಂದು ಹುಡುಕುವ ಪ್ರೋಗ್ರಾಂ 1,300 ಎಂದು ಉತ್ತರ ಕೊಡುತ್ತದೆ. ಆಗ ಆ ಸ್ಟಾಪ್ ಬಸ್ ಸ್ಟ್ಯಾಂಡಿಗಿಂತ ಹಿಂದೆ ಬಿತ್ತು, ಬಸ್ಸು ನೆಗೆಯಿತು.

ನಕ್ಷೆಯ ಡೇಟಾ ಇಡುವ ಪೋಸ್ಟ್‌ಜಿಐಎಸ್ ಡೇಟಾಬೇಸಿನಲ್ಲಿ ಗೆರೆಯ ಮೇಲಿನ ಹತ್ತಿರದ ಬಿಂದು ಹುಡುಕುವ ಎಸ್‌ಟಿ_ಲೈನ್‌ಲೊಕೇಟ್‌ಪಾಯಿಂಟ್ ಬಳಸಿದರೂ ಇದೇ ಪಾಡು. ಅದು ಸೊನ್ನೆಯಿಂದ ಒಂದರ ನಡುವೆ ಒಂದೇ ಒಂದು ಸಂಖ್ಯೆ ಕೊಡುತ್ತದೆ. ಗೆರೆ ಒಂದೇ ಜಾಗವನ್ನು ಎರಡು ಸಲ ಮುಟ್ಟಿದೆ ಎಂದು ಹೇಳುವುದಿಲ್ಲ.

ಇದಕ್ಕೇ ಇರುವುದು ಶೇಪ್_ಡಿಸ್ಟ್_ಟ್ರಾವೆಲ್ಡ್ ಕಾಲಂ. ಶೇಪ್ಸ್ ಫೈಲಿನಲ್ಲೂ ಸ್ಟಾಪ್ ಟೈಮ್ಸ್ ಫೈಲಿನಲ್ಲೂ ಒಂದೊಂದಿದೆ. ಎರಡರಲ್ಲೂ ಒಂದೇ ಮಾನ ಇರಬೇಕು, ಮುಂದೆ ಹೋದಂತೆ ಬೆಲೆ ಏರುತ್ತಲೇ ಇರಬೇಕು. ಮೀಟರೋ ಕಿಲೋಮೀಟರೋ ನಿಮ್ಮಿಷ್ಟ. ಒಂದರಲ್ಲಿ ಮೀಟರ್ ಇನ್ನೊಂದರಲ್ಲಿ ಕಿಲೋಮೀಟರ್ ಇಟ್ಟ ಫೀಡುಗಳನ್ನು ನೋಡಿ ನೋಡಿ ಸಾಕಾಗಿದೆ.

ಲಿಂಕ್ ವಿಧಾನದಲ್ಲಿ ಇದು ಪುಕ್ಕಟೆ ಸಿಗುತ್ತದೆ, ಲಿಂಕುಗಳ ಉದ್ದ ಕೂಡಿಸುತ್ತ ಹೋದರಾಯಿತು. ಹೊರಗಿನಿಂದ ಬಂದ ಇಡೀ ಶೇಪ್ ಇದ್ದರೆ ಕೆಲಸ ಹೆಚ್ಚು. ಪ್ರತಿ ಸ್ಟಾಪಿಗೂ ಗೆರೆಯ ಮೇಲೆ ಹತ್ತಿರವಾಗುವ ಎಲ್ಲ ಬಿಂದುಗಳನ್ನೂ ಪಟ್ಟಿ ಮಾಡಿ, ಹಿಂದಕ್ಕೆ ಹೋಗದಂತೆ ಒಂದೊಂದನ್ನು ಆರಿಸಿ, ಒಟ್ಟು ದೂರ ಕನಿಷ್ಠವಾಗುವ ಸಾಲನ್ನು ಹಿಡಿಯಬೇಕು. ಸಣ್ಣ ಡೈನಾಮಿಕ್ ಪ್ರೋಗ್ರಾಮಿಂಗ್, ಅಷ್ಟೇ. ಸ್ಟಾಪಿಗೊಂದರಂತೆ ಆ ಕ್ಷಣಕ್ಕೆ ಹತ್ತಿರವಿದ್ದದ್ದನ್ನು ಆರಿಸುತ್ತ ಹೋದರೆ ಮೊದಲ ತಪ್ಪಿನ ನಂತರ ಎಲ್ಲವೂ ತಪ್ಪುತ್ತದೆ.

ಹಳೇಪಟ್ಟಿ

ಮೊಬಿಲಿಟಿಡೇಟಾ ಸಂಸ್ಥೆಯವರ ವ್ಯಾಲಿಡೇಟರ್ (ಫೀಡಿನ ತಪ್ಪು ಹುಡುಕುವ ಪ್ರೋಗ್ರಾಂ) ಓಡಿಸಿ. ಸ್ಟಾಪ್ ತನ್ನ ಶೇಪಿನಿಂದ 100 ಮೀಟರಿಗಿಂತ ದೂರ ಇದ್ದರೂ, ಸ್ಟಾಪುಗಳು ಗೆರೆಯ ಮೇಲೆ ಕ್ರಮ ತಪ್ಪಿ ಕೂತರೂ ಅದು ಎಚ್ಚರಿಸುತ್ತದೆ. ಆದರೆ 100 ಮೀಟರ್ ಬಹಳ ಧಾರಾಳ. ಪಕ್ಕದ ಬೀದಿಯಲ್ಲಿ ಗೆರೆ ಹೋದರೂ ಪಾಸಾಗುತ್ತದೆ. ಒಳಗೆ ನಿಮ್ಮದೇ ಪರೀಕ್ಷೆ 30 ಮೀಟರಿಗೆ ಇಟ್ಟುಕೊಳ್ಳಿ, ಮಿಕ್ಕಿದ್ದನ್ನು ಒಬ್ಬರು ಕಣ್ಣಲ್ಲಿ ನೋಡಲಿ.

ಕಾಲುದಾರಿ

ಕೈಯಲ್ಲೇ ಗೆರೆ ಎಳೆಯುತ್ತಿದ್ದೀರಾ?! ಬಸ್ಸಿನಲ್ಲಿ ಜಿಪಿಎಸ್ ಇದ್ದರೆ ಅದರ ಜಾಡನ್ನು ರಸ್ತೆಯ ಮೇಲೆ ಕೂರಿಸಿ. ಈ ಕೆಲಸಕ್ಕೆ, ಅಂದರೆ ಮ್ಯಾಪ್ ಮ್ಯಾಚಿಂಗ್‌ಗೆ, ವಲ್ಹಲ್ಲಾ, ಓಎಸ್‌ಆರ್‌ಎಂ ಎರಡೂ ಸಿದ್ಧ ಸೇವೆ ಕೊಡುತ್ತವೆ. ಜಾಡೇ ಇಲ್ಲದಿದ್ದರೆ ಫ್ರೈಬುರ್ಗ್ ವಿಶ್ವವಿದ್ಯಾಲಯದವರ ಫೇಡ್ಲ ಇದೆ. ಫೀಡಿನ ಸ್ಟಾಪುಗಳನ್ನೂ ಜನರೇ ಸೇರಿ ಬರೆಯುವ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯನ್ನೂ ಕೊಟ್ಟರೆ ಶೇಪ್ ಹುಟ್ಟಿಸಿಕೊಡುತ್ತದೆ.

ಮೂರನೇಗೇರ್

ಜಾಡು ಬಳಸುವುದಾದರೆ ಒಂದೇ ದಿನದ್ದನ್ನು ನಂಬಬೇಡಿ. ಅವತ್ತು ರಸ್ತೆ ಅಗೆದಿದ್ದರೆ ಡ್ರೈವರ್ ಬಳಸಿಕೊಂಡು ಹೋದ ದಾರಿಯೇ ನಿಮ್ಮ ಶಾಶ್ವತ ಶೇಪ್ ಆಗುತ್ತದೆ. ಎತ್ತರದ ಕಟ್ಟಡಗಳ ನಡುವೆ ಜಿಪಿಎಸ್ ಪಕ್ಕದ ರಸ್ತೆಗೆ ಜಾರುತ್ತದೆ, ಸಮಾನಾಂತರ ಸರ್ವಿಸ್ ರೋಡ್ ಇದ್ದಲ್ಲಂತೂ ಕೇಳಲೇಬೇಡಿ. ಯಂತ್ರ ಕೊಟ್ಟದ್ದು ಕರಡು. ದಾರಿ ಗೊತ್ತಿರುವ ಡಿಪೋದವರು ಒಮ್ಮೆ ನೋಡಿ ಒಪ್ಪಿದ ಮೇಲೆ ಪ್ರಕಟಿಸಿ. ಯಾರು ಯಾವತ್ತು ಒಪ್ಪಿದರು ಎಂಬ ಕಾಲಂ ಲಿಂಕಿನಲ್ಲೇ ಇರಲಿ.

ರೇಖಾಗಣಿತ

ಜಾಡಿನಿಂದ ಬಂದ ಗೆರೆಯಲ್ಲಿ ಬಿಂದುಗಳು ವಿಪರೀತ ಇರುತ್ತವೆ, ಸರಳಗೊಳಿಸಲೇಬೇಕು. ಡಗ್ಲಾಸ್–ಪ್ಯೂಕರ್ 1973ರ ವಿಧಾನ, ಇವತ್ತಿಗೂ ಸಾಕಾಗುತ್ತದೆ. ಗೆರೆ ಎಷ್ಟು ಮೀಟರ್ ಸರಿಯಲು ಬಿಡಬಹುದು ಎಂಬುದರಲ್ಲಿ ಮಾತ್ರ ಜಾಗ್ರತೆ. 20 ಮೀಟರ್ ಕೊಟ್ಟರೆ ಸಣ್ಣ ವೃತ್ತಗಳು ಮಾಯವಾಗಿ ಬಸ್ಸು ನಡುವಿನ ಹುಲ್ಲಿನ ಮೇಲೆ ಹಾದುಹೋಗುತ್ತದೆ. ನಾನು 2ರಿಂದ 3 ಮೀಟರ್ ದಾಟುವುದಿಲ್ಲ. ಅಕ್ಷಾಂಶ, ರೇಖಾಂಶದ ಡಿಗ್ರಿಯಲ್ಲಿ ದಶಮಾಂಶದ ಐದನೇ ಸ್ಥಾನ ಎಂದರೆ ಸುಮಾರು 1.1 ಮೀಟರ್, ಅಷ್ಟು ಬರೆದರೆ ಸಾಕು. ಹದಿನಾಲ್ಕು ಸ್ಥಾನ ಬರೆದು ಫೈಲ್ ಉಬ್ಬಿಸುವುದು ಬೇಡ.

ಮತ್ತೆ, ಸರಳಗೊಳಿಸುವುದನ್ನು ಮೀಟರಿನಲ್ಲಿ ಮಾಡಿ, ಡಿಗ್ರಿಯಲ್ಲಿ ಅಲ್ಲ. ರೇಖಾಂಶದ ಒಂದು ಡಿಗ್ರಿ ಭೂಮಧ್ಯರೇಖೆಯ ಮೇಲೆ ಸುಮಾರು 111 ಕಿಲೋಮೀಟರ್, 60 ಡಿಗ್ರಿ ಅಕ್ಷಾಂಶದಲ್ಲಿ ಅದರ ಅರ್ಧ. ದಾರಿಹೋಕರ 500 ಮೀಟರ್ ಸುತ್ತಿಗೂ ಇದೇ ಮಾತು. ಡಿಗ್ರಿಯಲ್ಲಿ ಹಾಕಿದ್ದರೆ ನೆಲದ ಮೇಲೆ ಅದು ವೃತ್ತವೇ ಅಲ್ಲ. ಪೋಸ್ಟ್‌ಜಿಐಎಸ್‌ನಲ್ಲಿ ಜಿಯೋಗ್ರಫಿ ಟೈಪ್ ಬಳಸಿ ಎಸ್‌ಟಿ_ಡಿವಿದಿನ್ ಕೇಳಿದರೆ ಅದು ದೂರವನ್ನು ಮೀಟರಿನಲ್ಲೇ ನೋಡುತ್ತದೆ.

ಹೊಸಬ

ನಮ್ಮ ಶೇಪ್ ಎಲ್ಲಾ ಸಮುದ್ರದ ಮಧ್ಯೆ ಬಿದ್ದಿದೆ 😭

ಹಳೇಪಟ್ಟಿ

ಹೊಸಬರೇ, ನಕ್ಷೆಯ ಗೆರೆಗಳನ್ನು ಬರೆದಿಡುವ ಜಿಯೋಜೇಸನ್ ಫೈಲಿನಲ್ಲಿ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. ನೀವು ತಿರುಗಿಸಿ ಓದಿರುತ್ತೀರಿ.

ಹೊಸಬ

ಅದೇ ಆಗಿತ್ತು. ಧನ್ಯವಾದ ಸರ್ 🙏

ಕಾಲುದಾರಿ

ಎರಡನೇ ಪ್ರಶ್ನೆಗೆ ಬರೋಣ, ಅದನ್ನು ಯಾರೂ ಮುಟ್ಟಿಲ್ಲ.

ಸುತ್ತು ಹಾಕುವುದು ಮೊದಲ ಜರಡಿಯಾಗಿ ಮಾತ್ರ ಸರಿ. ಒಳಗೆ ಬಿದ್ದ ಜಾಗಗಳಿಗೆ ನಡೆಯುವ ದಾರಿಯ ದೂರವನ್ನು ಓಪನ್‌ಸ್ಟ್ರೀಟ್‌ಮ್ಯಾಪಿನ ಕಾಲುದಾರಿ ಜಾಲದ ಮೇಲೆ ಲೆಕ್ಕ ಹಾಕಿ. ಹಳಿಯ ಆಚೆಯ ಆಸ್ಪತ್ರೆ ತಾನಾಗಿಯೇ ಉದುರುತ್ತದೆ.

ಅದಕ್ಕಿಂತ ಮುಖ್ಯವಾದದ್ದು, ಜಾಗ ಎಂದರೆ ಯಾವ ಬಿಂದು? ದೊಡ್ಡ ಆಸ್ಪತ್ರೆಯ ಆವರಣದ ಮಧ್ಯಬಿಂದು ಯಾವುದೋ ಕಟ್ಟಡದ ಚಾವಣಿಯ ಮೇಲಿರುತ್ತದೆ. ಅಲ್ಲಿಂದ ಅಳೆದರೆ ಕಾಂಪೌಂಡಿನ ಹಿಂಬದಿಯ ಸ್ಟಾಪ್ ಹತ್ತಿರ ಎಂದು ಬರುತ್ತದೆ. ಹಿಂಬದಿಯಲ್ಲಿ ಗೇಟೇ ಇಲ್ಲ. ರೋಗಿಯನ್ನು ಕರೆದುಕೊಂಡು ಇಳಿದವರು ಗೋಡೆ ಬಳಸಿಕೊಂಡು ಪೂರ್ತಿ ಸುತ್ತಬೇಕು. ಆದ್ದರಿಂದ ಜಾಗದ ಟೇಬಲ್ ಒಂದು, ಅದರ ಬಾಗಿಲುಗಳ ಟೇಬಲ್ ಇನ್ನೊಂದು. ದೂರ ಅಳೆಯುವುದು ಬಾಗಿಲಿನಿಂದ ಸ್ಟಾಪಿಗೆ. ಜಿಟಿಎಫ್‌ಎಸ್ ದೊಡ್ಡ ನಿಲ್ದಾಣಗಳಿಗೆ ಇದನ್ನೇ ಮಾಡಿದೆ. ಸ್ಟಾಪ್ಸ್ ಫೈಲಿನಲ್ಲಿ ಲೊಕೇಶನ್ ಟೈಪ್ 1 ನಿಲ್ದಾಣ, 2 ಅದರ ಪ್ರವೇಶದ್ವಾರ. ಒಳಗಿನ ಮೆಟ್ಟಿಲು, ಲಿಫ್ಟ್, ಎಸ್ಕಲೇಟರ್ ಎಲ್ಲ ಪಾತ್‌ವೇಸ್ ಫೈಲಿನಲ್ಲಿ.

ದಾರಿಹೋಕ

ಬಾಗಿಲಿನ ವಿಚಾರ ತಲೆಗೇ ಬಂದಿರಲಿಲ್ಲ, ಧನ್ಯವಾದ. ಹಾಗಾದರೆ ಲೆಕ್ಕ ಹಾಕಿದ್ದನ್ನು ಉಳಿಸಬೇಕೋ ಬೇಡವೋ?

ಕಾಲುದಾರಿ

ಉಳಿಸಿ. ಸ್ಟಾಪುಗಳು ದಿನಾ ಜಾಗ ಬದಲಿಸುವುದಿಲ್ಲ. ರಾತ್ರಿ ಒಮ್ಮೆ ಲೆಕ್ಕ ಹಾಕಿ ಟೇಬಲ್‌ನಲ್ಲಿಡಿ: ಸ್ಟಾಪ್, ಜಾಗ, ಬಾಗಿಲು, ನಡಿಗೆಯ ಮೀಟರ್, ಲೆಕ್ಕ ಹಾಕಿದ ದಿನ.

ಕೈಯಿಂದ ಸೇರಿಸಿದ್ದು, ಕೈಯಿಂದ ತೆಗೆದದ್ದು, ಇವೆರಡನ್ನೂ ಬೇರೆ ಟೇಬಲ್‌ನಲ್ಲಿಡಿ. ಒಂದೇ ಟೇಬಲ್‌ನಲ್ಲಿ ಇಟ್ಟರೆ ರಾತ್ರಿಯ ಲೆಕ್ಕ ಬಂದು ಹಗಲಿನ ತಿದ್ದುಪಡಿಯನ್ನು ಅಳಿಸಿಬಿಡುತ್ತದೆ. ತಿದ್ದಿದವರು ಎರಡು ಸಲ ತಿದ್ದುತ್ತಾರೆ, ಮೂರನೇ ಸಲ ಆ ಪುಟವನ್ನೇ ತೆರೆಯುವುದಿಲ್ಲ.

ಹಳೇಪಟ್ಟಿ

ಫೀಡಿನಲ್ಲಿ ಜಾಗ ಇದೆಯೇ ಎಂದು ಕೇಳಿದ್ದಿರಿ. ಜಿಟಿಎಫ್‌ಎಸ್‌ನಲ್ಲಿ ಸುತ್ತಲಿನ ಜಾಗಗಳಿಗೆ ಫೈಲ್ ಇಲ್ಲ. ನೆಟೆಕ್ಸ್‌ನಲ್ಲಿ ಪಾಯಿಂಟ್ ಆಫ್ ಇಂಟರೆಸ್ಟ್ ಎಂದೇ ಇದೆ. ಜಿಟಿಎಫ್‌ಎಸ್‌ನಲ್ಲಿ ಇಲ್ಲ ಎಂಬ ಕಾರಣಕ್ಕೆ ಸ್ಟಾಪಿನ ಹೆಸರಿಗೆ "ಆಸ್ಪತ್ರೆ, ಶಾಲೆ, ಅಂಚೆ ಕಚೇರಿ ಹತ್ತಿರ" ಎಂದು ತುರುಕಬೇಡಿ. ಧ್ವನಿ ಘೋಷಣೆಯಲ್ಲಿ ಅದನ್ನು ಓದಿ ಮುಗಿಸುವುದರೊಳಗೆ ಸ್ಟಾಪ್ ದಾಟಿರುತ್ತದೆ. ಹೆಚ್ಚುವರಿ ಫೈಲ್ ಸೇರಿಸಬಹುದು, ಗೊತ್ತಿಲ್ಲದ ಆ್ಯಪುಗಳು ಅದನ್ನು ಬಿಟ್ಟು ಮುಂದೆ ಹೋಗುತ್ತವೆ. ನಿಮ್ಮ ಆ್ಯಪ್ ಮಾತ್ರ ಓದಿಕೊಳ್ಳಲಿ.

ಓಪನ್‌ಸ್ಟ್ರೀಟ್‌ಮ್ಯಾಪಿನ ಐಡಿಯನ್ನೇ ಜಾಗದ ಐಡಿ ಮಾಡಬೇಡಿ. ಇವತ್ತು ಬಿಂದುವಾಗಿದ್ದ ಶಾಲೆಯನ್ನು ನಾಳೆ ಯಾರೋ ಕಟ್ಟಡದ ಆಕಾರವಾಗಿ ಬರೆದರೆ ಐಡಿ ಬದಲಾಗುತ್ತದೆ, ನಿಮ್ಮ ಕೈತಿದ್ದುಪಡಿ ಅನಾಥ. ಸ್ವಂತ ಐಡಿ ಇರಲಿ, ಅವರದು ಒಂದು ಕಾಲಂ. ಅವರ ಡೇಟಾಗೆ ಇರುವ ಓಡಿಬಿಎಲ್ ಪರವಾನಗಿಯನ್ನೂ ಓದಿಕೊಳ್ಳಿ. ಮೂಲ ಹೇಳಬೇಕು, ಬೆರೆಸಿ ಮಾಡಿದ ಡೇಟಾಬೇಸನ್ನು ಸಾರ್ವಜನಿಕವಾಗಿ ಬಳಸಿದರೆ ಅದನ್ನೂ ಅದೇ ಪರವಾನಗಿಯಲ್ಲಿ ಕೊಡಬೇಕಾಗುತ್ತದೆ. ಅವರ ಡೇಟಾ ಒಂದು ಕಡೆ, ನಿಮ್ಮದು ಒಂದು ಕಡೆ ಇದ್ದರೆ ತಲೆನೋವು ಕಡಿಮೆ.

ಕೊಂಡಿ

ರಸ್ತೆಯ ಎರಡೂ ಬದಿಗೆ ಒಂದೇ ಹೆಸರಿನ ಎರಡು ಸ್ಟಾಪ್ ಇರುತ್ತವಲ್ಲ, ಜಾಗವನ್ನು ಎರಡಕ್ಕೂ ಜೋಡಿಸುವುದು ದಂಡ. ಎರಡನ್ನೂ ಸೇರಿಸಿ ಒಂದು ಪೇರೆಂಟ್ ಸ್ಟೇಷನ್ ಮಾಡಿ ಅದಕ್ಕೇ ಜೋಡಿಸಿ.

ಕಾಲುದಾರಿ

ಒಪ್ಪುವುದಿಲ್ಲ. ನಡುವೆ ಡಿವೈಡರ್ ಇರುವ ಆರು ಲೇನ್ ರಸ್ತೆಯಾದರೆ ಈ ಬದಿಯಲ್ಲಿ ಇಳಿದವರಿಗೆ 40 ಮೀಟರ್, ಆ ಬದಿಯವರಿಗೆ ಕಾಲ್ಸೇತುವೆ ಹತ್ತಿ ಇಳಿದು 400 ಮೀಟರ್. ಗಾಲಿಕುರ್ಚಿಯವರಿಗೆ ಅದು ದಾಟಲಾಗದ ದೂರ. ತೋರಿಸುವಾಗ ಒಂದೇ ಹೆಸರಿನ ಕೆಳಗೆ ಗುಂಪು ಮಾಡಿ, ಬೇಡ ಎನ್ನುವುದಿಲ್ಲ. ಲೆಕ್ಕ ಮಾತ್ರ ಪ್ರತಿ ಸ್ಟಾಪಿಗೂ ಬೇರೆಯಾಗಿಯೇ ಇರಲಿ. ಮೆಟ್ಟಿಲಿಲ್ಲದ ದಾರಿಯ ದೂರಕ್ಕೆ ಇನ್ನೊಂದು ಕಾಲಂ ಇಟ್ಟರೆ ಇನ್ನೂ ಒಳ್ಳೆಯದು.

ಕೊಂಡಿ

ಡಿವೈಡರ್ ಇರುವ ಕಡೆ ಸರಿ. ಸಣ್ಣ ರಸ್ತೆಗಳಿಗೆ ಅಷ್ಟೆಲ್ಲ ಬೇಕೇ ಎಂಬ ನನ್ನ ಪ್ರಶ್ನೆ ಹಾಗೇ ಇದೆ.

ಮೂರನೇಗೇರ್

ಯಾರೂ ಹೇಳದ ಒಂದು ಸಂಗತಿ. ಕೈ ಎತ್ತಿದಲ್ಲಿ ನಿಲ್ಲಿಸುವ ಬಸ್ಸುಗಳಿಗೆ ಏನು ಮಾಡುತ್ತೀರಿ? ಅಲ್ಲಿ ಹತ್ತಿರ ಎಂದರೆ ಸ್ಟಾಪಿಗಲ್ಲ, ಗೆರೆಗೆ. ಜಿಟಿಎಫ್‌ಎಸ್‌ನಲ್ಲಿ ಕಂಟಿನ್ಯೂಯಸ್ ಪಿಕಪ್ ಎಂಬ ಕಾಲಂ ಇದೆ, ಅದನ್ನು ಬಳಸಿದರೆ ಆ ಟ್ರಿಪ್ಪಿಗೆ ಶೇಪ್ ಕಡ್ಡಾಯ. ಬೇರೆ ಟ್ರಿಪ್ಪುಗಳಿಗೆ ಶೇಪ್ ಇಲ್ಲದಿದ್ದರೆ ಆ್ಯಪ್ ನೇರ ಗೆರೆ ಎಳೆದು ಸುಮ್ಮನಾಗುತ್ತದೆ. ಇಲ್ಲಿ ಗೆರೆ ಒಂದು ಬೀದಿ ತಪ್ಪಿದರೆ ಜನ ಬಸ್ಸು ಬಾರದ ಬೀದಿಯಲ್ಲಿ ಕಾಯುತ್ತಾರೆ. ಅಂಥ ಲಿಂಕುಗಳಿಗೆ ಗುರುತು ಹಾಕಿ, ಜಾಗದ ಬಾಗಿಲಿನಿಂದ ಆ ಲಿಂಕಿಗೆ ನಡಿಗೆ ಅಳೆಯಿರಿ.

ದಾರಿಹೋಕ

ನಮ್ಮಲ್ಲೂ ಅಂಥ ಎರಡು ರೂಟ್ ಇವೆ, ಅವಕ್ಕೆ ಸುಳ್ಳು ಸ್ಟಾಪುಗಳನ್ನು ಹಾಕಿದ್ದೆವು. ಅವನ್ನು ತೆಗೆಯುತ್ತೇವೆ. ಕೊನೆಯದಾಗಿ, ಒಂದು ಲಿಂಕನ್ನು ಯಾರಾದರೂ ಎಳೆದು ಸರಿಸಿದರೆ ಅದನ್ನು ಬಳಸುವ ಎಲ್ಲ ರೂಟುಗಳೂ ಸರಿಯುತ್ತವಲ್ಲ, ಅದು ಅಪಾಯವಲ್ಲವೇ? ಜಾತ್ರೆ, ರಿಪೇರಿ ಎಂದು ನಾಲ್ಕು ದಿನ ದಾರಿ ಬದಲಾದರೂ ಲಿಂಕನ್ನೇ ತಿದ್ದಬೇಕೇ?

ಕೊಂಡಿ

ಉಳಿಸುವ ಮುನ್ನ ಆ ಲಿಂಕ್ ಬಳಸುವ ಪ್ಯಾಟರ್ನುಗಳ ಪಟ್ಟಿ ತೋರಿಸಿ. ಟಿಕ್ ಇದ್ದವಕ್ಕೆ ಹೊಸ ಗೆರೆ, ಟಿಕ್ ತೆಗೆದವಕ್ಕೆ ಹಳೆಯ ಲಿಂಕೇ ಪ್ರತಿಯಾಗಿ ಉಳಿಯುತ್ತದೆ. ಫ್ಲೈಓವರಿನ ತಕರಾರು ಅಲ್ಲೇ ಬಗೆಹರಿಯುತ್ತದೆ, ಯಾಕೆಂದರೆ ಎಕ್ಸ್‌ಪ್ರೆಸ್ ಹೆಸರು ಪಟ್ಟಿಯಲ್ಲಿ ಕಂಡ ತಕ್ಷಣ ಯಾರಾದರೂ ಟಿಕ್ ತೆಗೆಯುತ್ತಾರೆ.

ನಾಲ್ಕು ದಿನದ ಬದಲಾವಣೆಗೆ ಮೂಲ ಲಿಂಕನ್ನು ಮುಟ್ಟಬೇಡಿ. ಆ ದಿನಗಳಿಗೆ ಮಾತ್ರ ಬೇರೆ ಪ್ಯಾಟರ್ನ್, ಬೇರೆ ಸರ್ವಿಸ್ ಕ್ಯಾಲೆಂಡರ್.

ಹಳೇಪಟ್ಟಿ

ಮೊದಲೇ ಗೊತ್ತಿದ್ದರೆ ಕ್ಯಾಲೆಂಡರ್ ಸರಿ. ಬೆಳಗ್ಗೆ ಎದ್ದು ನೋಡಿದರೆ ರಸ್ತೆ ಬಂದ್ ಎಂಬ ಪ್ರಸಂಗಕ್ಕೆ, ಆ ಕ್ಷಣದ ಬದಲಾವಣೆ ತಿಳಿಸುವ ಜಿಟಿಎಫ್‌ಎಸ್ ರಿಯಲ್‌ಟೈಮ್‌ನಲ್ಲಿ ಟ್ರಿಪ್ ಮಾಡಿಫಿಕೇಶನ್ಸ್ ಎಂಬ ಪ್ರಾಯೋಗಿಕ ಭಾಗ ಬಂದಿದೆ. ಯಾವ ಸ್ಟಾಪುಗಳು ತಪ್ಪುತ್ತವೆ, ಬದಲಿ ಸ್ಟಾಪ್ ಎಲ್ಲಿ, ಹೊಸ ಗೆರೆ ಯಾವುದು ಎಂದು ಹೇಳಬಹುದು. ಓದುವ ಆ್ಯಪ್ ಅದನ್ನು ಅರ್ಥ ಮಾಡಿಕೊಳ್ಳುತ್ತದೆಯೇ ಎಂದು ಮೊದಲು ಕೇಳಿಕೊಳ್ಳಿ, ಇಲ್ಲದಿದ್ದರೆ ಸಾದಾ ಅಲರ್ಟ್ ಕಳಿಸಿ.

ದಾರಿಹೋಕ

ಸರಿ. ಬಸ್ ಸ್ಟ್ಯಾಂಡ್ ಹೊಕ್ಕು ಬರುವ ಒಂದು ರೂಟನ್ನು ಮೊದಲು ಲಿಂಕುಗಳಾಗಿ ಮಾಡಿ, ಉದ್ದ ಕೂಡಿಸಿ, ವ್ಯಾಲಿಡೇಟರಿಗೆ ಕೊಡುತ್ತೇನೆ. ರೇಖಾಗಣಿತ ಅವರೇ, ಬಸ್ ಸ್ಟ್ಯಾಂಡಿನೊಳಗೆ ಪ್ಲಾಟ್‌ಫಾರ್ಮ್ ದಿನಾ ಬದಲಾಗುತ್ತದೆ, ಗೆರೆಯನ್ನು ಎಲ್ಲಿಯವರೆಗೆ ಒಯ್ಯಲಿ?

ರೇಖಾಗಣಿತ

ಒಳಬರುವ ಗೇಟಿನಿಂದ ಎಲ್ಲ ಪ್ಲಾಟ್‌ಫಾರ್ಮುಗಳ ಮುಂದೆ ಹಾದು ಹೊರಹೋಗುವ ಗೇಟಿಗೆ ಒಂದೇ ಗೆರೆ ಸಾಕು. ವೇಳಾಪಟ್ಟಿಯಲ್ಲಿ ಸ್ಟ್ಯಾಂಡಿಗೆ ಒಂದೇ ಸ್ಟಾಪ್ ಇಟ್ಟು ಆ ಗೆರೆಯ ನಡುಮಧ್ಯದ ಮೀಟರ್ ಕೊಡಿ. ಪ್ಲಾಟ್‌ಫಾರ್ಮ್ ನಂಬರ್ ಅವತ್ತಿನ ಬೋರ್ಡು ಹೇಳಲಿ.